ಹಳೆಯ ಆಸಿಲೋಸ್ಕೋಪ್: ಕೊಳ್ಳುವ ಮುನ್ನ, ದುರಸ್ತಿಗೆ ಕೈಹಾಕುವ ಮುನ್ನ

ಎಲೆಕ್ಟ್ರಾನಿಕ್ಸ್ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡವರಿಗೂ, ಆ ವಿಷಯವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೂ ಮಲ್ಟಿಮೀಟರ್ ನಂತರ ಅಗತ್ಯವಾಗುವ ಉಪಕರಣ ಆಸಿಲೋಸ್ಕೋಪ್. ಮಲ್ಟಿಮೀಟರ್ ವೋಲ್ಟೇಜನ್ನು ಒಂದು ಅಂಕಿಯಾಗಿ ತೋರಿಸಿದರೆ, ಆಸಿಲೋಸ್ಕೋಪ್ ಅದರ ಕ್ಷಣಕ್ಷಣದ ಏರಿಳಿತವನ್ನು ಪರದೆಯ ಮೇಲೆ ಅಲೆಯ ರೂಪದಲ್ಲಿ ಮೂಡಿಸುತ್ತದೆ. ಹೊಸದನ್ನು ಕೊಳ್ಳಲಾಗದವರು ಹಳೆಯದನ್ನು ಅರಸುವುದು ಸಹಜ. ಆದರೆ ಮಾರುವವನಿಗೆ ಕೊಟ್ಟ ಹಣವಷ್ಟೇ ಹಳೆಯ ಉಪಕರಣದ ಬೆಲೆಯಲ್ಲ. ಪ್ರೋಬ್, ಬಿಡಿಭಾಗ ಹಾಗೂ ಕ್ಯಾಲಿಬ್ರೇಷನ್ ವೆಚ್ಚವೂ ಅದಕ್ಕೆ ಸೇರುತ್ತದೆ. ಬಿಡಿಭಾಗವೇ ದೊರೆಯದ ಮಾದರಿಯಾದರೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಎಲ್ಲಿಂದ ಬರುತ್ತವೆ?

ಬೆಂಗಳೂರಿನಲ್ಲಿ ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ ಆರಂಭವಾದವು. ಇಂತಹ ಉದ್ಯಮಗಳು, ಸಂಶೋಧನಾಲಯಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳು ನೆಲೆಸಿರುವ ನಗರದಲ್ಲಿ ಪರೀಕ್ಷಾ ಉಪಕರಣಗಳ ಬಳಕೆ ಹಳೆಯದು. ಎಲೆಕ್ಟ್ರಾನಿಕ್ ಸರಕಿಗೆ ಹೆಸರಾದ ಎಸ್.ಪಿ. ರಸ್ತೆಯ ಪರಿಸರದಲ್ಲಿ ವಿಚಾರಿಸುವುದು ಒಂದು ದಾರಿ. ಸರ್ಕಾರಿ ಸಂಸ್ಥೆಗಳ ಹರಾಜು ಇನ್ನೊಂದು. ಹರಾಜಿನಲ್ಲಿ ಸರಕು 'ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ' ಮಾರಾಟವಾಗುವುದರಿಂದ ಆ ಬಳಿಕ ದೂರಲು ಅವಕಾಶವಿರುವುದಿಲ್ಲ.

ಯಾವ ಮಾದರಿ ಸೂಕ್ತ?

ಅಮೆರಿಕದ ಟೆಕ್‌ಟ್ರಾನಿಕ್ಸ್ ಸಂಸ್ಥೆ 1970ರ ದಶಕದಲ್ಲಿ ಮಾರುಕಟ್ಟೆಗೆ ತಂದ 465 ಮಾದರಿಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಇದು ಎರಡು ಚಾನೆಲ್‌ಗಳ, 100 ಮೆಗಾಹರ್ಟ್ಸ್ ಸಾಮರ್ಥ್ಯದ ಅನಲಾಗ್ ಉಪಕರಣ. 100 ಮೆಗಾಹರ್ಟ್ಸ್ ಎಂದರೆ ಅಲ್ಲಿಯವರೆಗೆ ಅಳತೆ ನಿಖರ ಎಂದಲ್ಲ; ಆ ಆವರ್ತನದಲ್ಲಿ ಅಲೆಯ ಎತ್ತರ ನೈಜ ಎತ್ತರದ ಸುಮಾರು ಶೇ. 70ಕ್ಕೆ ಕುಸಿದಿರುತ್ತದೆ. ಚೌಕಾಕಾರದ ಅಲೆಯನ್ನು ಸರಿಯಾಗಿ ಕಾಣಬೇಕಾದರೆ ಅದರ ಆವರ್ತನದ ಐದು ಪಟ್ಟು ಸಾಮರ್ಥ್ಯ ಬೇಕೆಂಬುದು ಸಾಮಾನ್ಯ ಲೆಕ್ಕ. ಆಡಿಯೋ ಮತ್ತು ವಿದ್ಯುತ್ ಸರಬರಾಜು ಮಂಡಲಗಳ ದುರಸ್ತಿಗೆ 20 ಮೆಗಾಹರ್ಟ್ಸ್ ಉಪಕರಣವೂ ಸಾಕಾಗುತ್ತದೆ.

465ರಂತಹ ಉಪಕರಣಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಪೂರ್ಣ ಸರ್ಕ್ಯೂಟ್ ನಕ್ಷೆ ಇರುತ್ತದೆ. ನಂತರದ ಕೆಲವು ಮಾದರಿಗಳಲ್ಲಿ ತಯಾರಕರು ತಮಗಾಗಿಯೇ ಮಾಡಿಸಿದ ಐಸಿಗಳಿದ್ದು, ಅವು ಕೆಟ್ಟರೆ ಅದೇ ಮಾದರಿಯ ಇನ್ನೊಂದು ಉಪಕರಣದಿಂದ ಕಳಚಿ ತರುವುದೇ ಉಳಿದ ದಾರಿ. 2465ಬಿ ಮಾದರಿಯಲ್ಲಿ ಕ್ಯಾಲಿಬ್ರೇಷನ್ ಅಂಕಿಗಳು ಬ್ಯಾಟರಿ ಅಡಕವಾಗಿರುವ ಮೆಮೊರಿ ಚಿಪ್‌ನಲ್ಲಿರುತ್ತವೆ. ಬ್ಯಾಟರಿ ಸತ್ತರೆ ಅಂಕಿಗಳೂ ಅಳಿಯುತ್ತವೆ. ಆದ್ದರಿಂದ ಉಪಕರಣ ಸುಸ್ಥಿತಿಯಲ್ಲಿರುವಾಗಲೇ ಚಿಪ್‌ನ ಮಾಹಿತಿಯನ್ನು ನಕಲು ಮಾಡಿಸಿ, ಹೊಸ ಚಿಪ್ ಅಳವಡಿಸುವುದು ಕ್ಷೇಮ.

ಹಣ ಕೊಡುವ ಮುನ್ನ

* ಹಿಂಬದಿಯ ಅಥವಾ ಅಡಿಭಾಗದ ವೋಲ್ಟೇಜ್ ಸೆಲೆಕ್ಟರ್ ಮೊದಲು ನೋಡಬೇಕು. ಅಮೆರಿಕದಿಂದ ಬಂದ ಉಪಕರಣ 115 ವೋಲ್ಟ್‌ಗೆ ಹೊಂದಿಸಿದ್ದರೆ, ಇಲ್ಲಿನ 230 ವೋಲ್ಟ್‌ಗೆ ಜೋಡಿಸಿದ ಕ್ಷಣವೇ ಹಾನಿಯಾಗಬಹುದು. ಫ್ಯೂಸ್‌ನ ಆಂಪಿಯರ್ ಪ್ರಮಾಣವನ್ನೂ ತಾಳೆ ನೋಡಬೇಕು.
* ಕನಿಷ್ಠ 20 ನಿಮಿಷ ಚಾಲೂ ಇಟ್ಟು ಕಾಯಬೇಕು. ಬಿಸಿಯಾದ ಮೇಲಷ್ಟೇ ಪ್ರಕಟವಾಗುವ ದೋಷಗಳು ಹಲವು.
* ಉಪಕರಣದ್ದೇ ಕ್ಯಾಲಿಬ್ರೇಟರ್ ತುದಿಗೆ ಪ್ರೋಬ್ ಜೋಡಿಸಿದಾಗ ಸುಮಾರು 1 ಕಿಲೋಹರ್ಟ್ಸ್‌ನ ಚೌಕಾಕಾರದ ಅಲೆ ಮೂಡಬೇಕು. ಎರಡೂ ಚಾನೆಲ್‌ಗಳಲ್ಲಿ ಪ್ರತಿಯೊಂದು ಸ್ವಿಚ್ಚನ್ನೂ ತಿರುಗಿಸಿ ನೋಡಬೇಕು.
* ಪರದೆಯ ಮೇಲೆ ಸುಟ್ಟ ಕಲೆಯಿದ್ದರೆ, ಪೂರ್ಣ ಪ್ರಖರತೆಯಲ್ಲೂ ಗೆರೆ ಮಂಕಾಗಿದ್ದರೆ ಆ ಉಪಕರಣವನ್ನು ಬಿಡುವುದೇ ಲೇಸು. ಬದಲಿ ಪಿಕ್ಚರ್ ಟ್ಯೂಬ್ ಸಿಗುವುದು ದುರ್ಲಭ.

ದುರಸ್ತಿಯ ಕ್ರಮ

ಗೆರೆಯೇ ಮೂಡದ ಉಪಕರಣದಲ್ಲಿ ಮೊದಲು ಶಂಕಿಸಬೇಕಾದುದು ವಿದ್ಯುತ್ ಸರಬರಾಜು ವಿಭಾಗವನ್ನು. ಮ್ಯಾನ್ಯುಯಲ್‌ನಲ್ಲಿ ನೀಡಿರುವ ವೋಲ್ಟೇಜ್‌ಗಳನ್ನು ಒಂದೊಂದಾಗಿ ಅಳೆಯಬೇಕು. 465ರಲ್ಲಿ ಟ್ಯಾಂಟಲಂ ಕೆಪಾಸಿಟರ್ ಶಾರ್ಟ್ ಆಗಿ ಒಂದು ವೋಲ್ಟೇಜ್ ಶೂನ್ಯವಾಗುವುದು ಪರಿಚಿತ ದೋಷ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಒಣಗುತ್ತವೆ. ಬದಲಿಸುವಾಗ ಅಷ್ಟೇ ಅಥವಾ ಹೆಚ್ಚಿನ ವೋಲ್ಟ್ ತಾಳುವ ಕೆಪಾಸಿಟರನ್ನು ಧ್ರುವ ತಪ್ಪದಂತೆ ಕೂಡಿಸಬೇಕು. ಕರಕರ ಎನ್ನುವ ಸ್ವಿಚ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸರಬರಾಜು ಸರಿಯಾಗುವವರೆಗೆ ಒಳಗಿನ ಪ್ರೀಸೆಟ್‌ಗಳನ್ನು ಮುಟ್ಟಬಾರದು. ಮುಟ್ಟಿದರೆ ಒಂದು ದೋಷದ ಜಾಗದಲ್ಲಿ ಹತ್ತಾಗುತ್ತವೆ.

ಪ್ರಾಣಕ್ಕೆ ಎರವಾಗುವ ತಪ್ಪು

ಆಸಿಲೋಸ್ಕೋಪಿನ ಪ್ರೋಬ್‌ನ ಗ್ರೌಂಡ್ ಕ್ಲಿಪ್ ಉಪಕರಣದ ಲೋಹದ ಮೈ ಮೂಲಕ ಅರ್ತಿಂಗ್‌ಗೆ ಕೂಡಿರುತ್ತದೆ. ಆ ಕ್ಲಿಪ್ಪನ್ನು ನೇರ ಮೇನ್ಸ್‌ಗೆ ಸೇರಿದ ಭಾಗಕ್ಕೆ ಸಿಕ್ಕಿಸಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಇದನ್ನು ತಪ್ಪಿಸಲೆಂದು ಕೆಲವರು ಪ್ಲಗ್‌ನ ಅರ್ತ್ ಪಿನ್ ತೆಗೆದುಹಾಕುತ್ತಾರೆ. ಆಗ ಶಾರ್ಟ್ ಆಗದಿರಬಹುದು, ಆದರೆ ಉಪಕರಣದ ಮೈಯಲ್ಲೇ 230 ವೋಲ್ಟ್ ಹರಿಯುತ್ತದೆ. ಮುಟ್ಟಿದವರ ಪ್ರಾಣಕ್ಕೇ ಅಪಾಯ. ಪರೀಕ್ಷಿಸುತ್ತಿರುವ ಸೆಟ್ಟನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಚಲಾಯಿಸುವುದು ಅಥವಾ ಡಿಫರೆನ್ಷಿಯಲ್ ಪ್ರೋಬ್ ಬಳಸುವುದು ಸರಿಯಾದ ವಿಧಾನ. ಪಿಕ್ಚರ್ ಟ್ಯೂಬಿನ ಬಳಿ ಸಾವಿರಾರು ವೋಲ್ಟ್ ಇದ್ದು, ಸ್ವಿಚ್ ಆರಿಸಿದ ಬಳಿಕವೂ ಅಲ್ಲಿ ವಿದ್ಯುತ್ ಉಳಿದಿರಬಹುದು. ಅನುಭವವಿಲ್ಲದವರು ಆ ಭಾಗಕ್ಕೆ ಕೈಹಾಕಬಾರದು.

ಹೊಸದೋ, ಹಳೆಯದೋ?

ಗಿರಾಕಿಗೆ ಅಳತೆಯ ಪ್ರಮಾಣಪತ್ರ ನೀಡಬೇಕಾದ ಉದ್ಯಮಿಗಳು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ ಮಾಡಿಸುವ ಖರ್ಚನ್ನು ಮೊದಲೇ ಲೆಕ್ಕಹಾಕಬೇಕು. ಒಮ್ಮೆ ಮಾತ್ರ ಮಿಂಚಿ ಮರೆಯಾಗುವ ಸಿಗ್ನಲ್ ಹಿಡಿಯಬೇಕಾದವರಿಗೆ 465ರಂತಹ ಉಪಕರಣ ಸಾಲದು. ಅಲೆಯನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವ ಡಿಜಿಟಲ್ ಆಸಿಲೋಸ್ಕೋಪೇ ಬೇಕು. ಕಲಿಯುವವರಿಗೆ, ನಿತ್ಯದ ದುರಸ್ತಿಗೆ ಮಾತ್ರ ಪೂರ್ಣ ನಕ್ಷೆಯಿರುವ, ಅಂಗಡಿಯಲ್ಲೇ ಚಾಲೂ ಮಾಡಿ ತೋರಿಸಿದ ಹಳೆಯ ಉಪಕರಣ ಈಗಲೂ ಯೋಗ್ಯ ಆಯ್ಕೆ. ಚಾಲೂ ಮಾಡಿ ತೋರಿಸಲು ಒಪ್ಪದವರ ಬಳಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳದಿರುವುದೇ ಜಾಣತನ.