ಮೈಸೂರಿನ ಹೇಮಂತದ ಅತಿಥಿಗಳು

ಹೇಮಂತಋತುವೆಂಬುದು ನಮ್ಮ ಮೈಸೂರಿನಲ್ಲಿ ಹೆಸರಿಗೆ ಮಾತ್ರ ಚಳಿಗಾಲ. ಸಮುದ್ರಮಟ್ಟಕ್ಕೆ ಸುಮಾರು 770 ಮೀಟರುಗಳ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ ಜನವರಿಗಳ ಬೆಳಗಿನ ಜಾವಕ್ಕೆ ಒಂದು ಶಾಲು ಸಾಕು. ಹೊತ್ತೇರಿದ ಮೇಲೆ ಅದೂ ಬೇಡ. ನಮಗೆ ಇದು ಸೊಗಡಿನ ಅವರೆಕಾಯಿಯ ಕಾಲ, ಧನುರ್ಮಾಸದ ಹುಗ್ಗಿಯ ಕಾಲ. ತಿಂಗಳುಗಟ್ಟಲೆ ಹಿಮದಲ್ಲಿ ಹುದುಗಿರುವ ಉತ್ತರದೇಶಗಳವರಿಗಾದರೋ ಇದೇ ಋತುವು ತಮ್ಮ ಬೇಸಗೆಗಿಂತ ಹಿತವಾಗಿ ತೋರುತ್ತದೆ. ಹಾಗೆ ತಮ್ಮೂರಿನ ಚಳಿಯನ್ನು ಹಿಂದಿಕ್ಕಿ ಬಂದು, ಇಲ್ಲಿ ಎರಡು ಮೂರು ತಿಂಗಳು ನೆಲೆನಿಲ್ಲುವ ಪಾಶ್ಚಾತ್ಯರನ್ನು ಗೋಕುಲಂ ಬೀದಿಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಆದರೆ ಈ ಬರವು ಎಂದು ಮೊದಲಾಯಿತು, ಹೇಗೆ ಮಾರ್ಪಟ್ಟಿತು ಎಂಬುದನ್ನು ವಿಚಾರಿಸಿದವರು ವಿರಳ. ಆ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಬಂದವರು ಅರಮನೆಯ ಅತಿಥಿಗಳು. 1874ರಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ಚಾಮರಾಜನಗರದ ಕಡೆಯ ಕಾಡಿನಲ್ಲಿ ಆನೆಗಳ ಹಿಂಡನ್ನು ಖೆಡ್ಡಾಕ್ಕೆ ಕೆಡವಿದ ಮೇಲೆ, ಆ ದೃಶ್ಯವನ್ನು ನೋಡುವುದು ಗಣ್ಯ ಪ್ರವಾಸಿಗಳಿಗೆ ದೊಡ್ಡ ಆಕರ್ಷಣೆಯಾಯಿತು. ವಿಕ್ಟೋರಿಯಾ ರಾಣಿಯವರ ಮೊಮ್ಮಗ ಆಲ್ಬರ್ಟ್ ವಿಕ್ಟರ್ ರಾಜಕುಮಾರರು 1889ರಲ್ಲಿಯೂ, ವೇಲ್ಸಿನ ರಾಜಕುಮಾರ ಎಡ್ವರ್ಡರು 1922ರ ಜನವರಿಯಲ್ಲಿಯೂ ಮೈಸೂರಿಗೆ ದಯಮಾಡಿಸಿದರು. ಇಂತಹ ಅತಿಥಿಗಳ ಬಿಡಾರಕ್ಕೆಂದೇ ಚಾಮುಂಡಿಬೆಟ್ಟದ ಹತ್ತಿರ ಲಲಿತಮಹಲಿಗೆ 1921ರಲ್ಲಿ ಅಸ್ತಿಭಾರ ಬಿದ್ದಿತು. ಔತಣ, ಬೇಟೆ, ದೀಪಾಲಂಕಾರ ಇವುಗಳಲ್ಲಿ ಅವರ ದಿನಗಳು ಸುಖವಾಗಿ ಕಳೆದವು. ಆದರೆ ಅವರು ನೋಡಿದ್ದು ನಾವು ತೋರಿಸಿದ ಮೈಸೂರನ್ನು, ಇರುವ ಮೈಸೂರನ್ನಲ್ಲ. ಕೇರಿಯ ಕೊಳಾಯಿಯಾಗಲಿ, ದೇವರಾಜ ಮಾರುಕಟ್ಟೆಯ ಚೌಕಾಸಿಯಾಗಲಿ ಅವರ ಪಾಲಿಗೆ ಬರಲಿಲ್ಲ. ಕಾಕನಕೋಟೆಯ ಖೆಡ್ಡಾ 1971ರಲ್ಲಿ ಕೊನೆಗೊಂಡಿತು. ಲಲಿತಮಹಲು 1974ರಲ್ಲಿ ಹೋಟೆಲಾಯಿತು.

ಅಷ್ಟರಲ್ಲಿ ಮತ್ತೊಂದು ಬಗೆಯ ಅತಿಥ್ಯಕ್ಕೆ ಅರಮನೆಯ ನೆರಳಿನಲ್ಲಿಯೇ ಬೀಜ ಬಿದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, 1933ರಲ್ಲಿ ಜಗನ್ಮೋಹನ ಅರಮನೆಯ ಆವರಣದಲ್ಲಿ ಯೋಗಶಾಲೆ ಏರ್ಪಟ್ಟಿತು. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ವಿದ್ವಾನ್ ತಿರುಮಲೆ ಕೃಷ್ಣಮಾಚಾರ್ಯರು ಅದರ ಗುರುಗಳು. ಅವರು 1934ರಲ್ಲಿ ಬರೆದ ‘ಯೋಗ ಮಕರಂದ’ವು ಕನ್ನಡದ ಗ್ರಂಥ. 1937ರ ಸುಮಾರಿಗೆ ಅರಮನೆಯ ವಿವಾಹವೊಂದಕ್ಕೆ ಆಹ್ವಾನಿತರಾಗಿ ಬಂದಿದ್ದ, ರಿಗಾ ನಗರದಲ್ಲಿ ಹುಟ್ಟಿದ ಮಹಿಳೆಯೊಬ್ಬರು ಆಚಾರ್ಯರಲ್ಲಿ ಯೋಗವನ್ನು ಕಲಿಯಬೇಕೆಂದು ಕೇಳಿದರು. ಸ್ತ್ರೀ, ಅದರಲ್ಲಿಯೂ ಪರದೇಶೀಯಳು ಎಂದು ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ, ಆಹಾರ ವಿಹಾರಗಳಲ್ಲಿ ಕಠಿನ ನಿಯಮಗಳನ್ನು ವಿಧಿಸಿ ಸೇರಿಸಿಕೊಂಡರು. ಆಕೆ ನಿಯಮಗಳನ್ನು ತಪ್ಪದೆ ನಡೆಸಿ ಗುರುವಿನ ವಿಶ್ವಾಸವನ್ನು ಸಂಪಾದಿಸಿದರು. ಇಂದ್ರಾದೇವಿಯೆಂಬ ಹೆಸರಿನಿಂದ ಪ್ರಸಿದ್ಧರಾಗಿ 1939ರಲ್ಲಿ ಷಾಂಘಾಯಿಯಲ್ಲಿಯೂ, ಮುಂದೆ ಹಾಲಿವುಡ್ಡಿನಲ್ಲಿಯೂ ಯೋಗಶಾಲೆಗಳನ್ನು ತೆರೆದವರು ಇವರೇ. ಅತಿಥಿಯಾಗಿ ಬಂದವರು ಶಿಷ್ಯರಾದ ಈ ಘಟನೆಯಿಂದಲೇ ನಮ್ಮ ಕಥೆ ತಿರುವನ್ನು ಪಡೆಯುತ್ತದೆ.

ಸ್ವಾತಂತ್ರ್ಯಾನಂತರ ರಾಜಾಶ್ರಯ ತಪ್ಪಿ, 1950ರ ಸುಮಾರಿಗೆ ಆ ಯೋಗಶಾಲೆ ಮುಚ್ಚಿಹೋಯಿತು. ಆಚಾರ್ಯರು ಮದರಾಸಿಗೆ ಹೊರಟುಹೋದರು. ಆದರೆ ವಿದ್ಯೆಯ ಎಳೆ ಹರಿಯಲಿಲ್ಲ. ಹಾಸನದ ಬಳಿಯ ಕೌಶಿಕ ಗ್ರಾಮದವರಾದ ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು 1937ರಿಂದ ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸುತ್ತಿದ್ದರು. 1948ರಲ್ಲಿ ಅವರು ಲಕ್ಷ್ಮೀಪುರದ ತಮ್ಮ ಮನೆಯಲ್ಲಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 1964ರಲ್ಲಿ ಬೆಲ್ಜಿಯಂ ದೇಶದ ಆಂದ್ರೆ ವಾನ್ ಲಿಸೆಬೆತ್ ಎಂಬುವರು ಅಲ್ಲಿಗೆ ಬಂದು ಸುಮಾರು ಎರಡು ತಿಂಗಳು ಕಲಿತು, ತಮ್ಮ ಗ್ರಂಥದಲ್ಲಿ ಜೋಯಿಸರ ಹೆಸರನ್ನೂ ವಿಳಾಸವನ್ನೂ ಅಚ್ಚುಹಾಕಿಸಿದರು. ಅದನ್ನು ನೋಡಿ ಐರೋಪ್ಯರು ಬರತೊಡಗಿದರು. 1972–73ರಲ್ಲಿ ನಾರ್ಮನ್ ಆಲನ್, ಡೇವಿಡ್ ವಿಲಿಯಮ್ಸ್, ನ್ಯಾನ್ಸಿ ಗಿಲ್ಗಾಫ್ ಎಂಬ ಅಮೆರಿಕನರು ಬಂದರು. 1975ರಲ್ಲಿ ಅವರ ಕೋರಿಕೆಯ ಮೇರೆಗೆ ಜೋಯಿಸರೂ ಅವರ ಪುತ್ರರೂ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದರು. ಹನ್ನೆರಡು ಮಂದಿಗೆ ಮಾತ್ರ ಸ್ಥಳವಿದ್ದ ಲಕ್ಷ್ಮೀಪುರದ ಕೊಠಡಿಯ ಮೆಟ್ಟಿಲುಗಳ ಮೇಲೆ ಪರದೇಶೀಯರು ಸರದಿಗಾಗಿ ಕಾದು ಕುಳಿತಿರುತ್ತಿದ್ದರು. ಸ್ಥಳ ಸಾಲದೆ 2002ರಲ್ಲಿ ಗೋಕುಲಂನಲ್ಲಿ ದೊಡ್ಡ ಶಾಲೆಯನ್ನು ಕಟ್ಟಬೇಕಾಯಿತು.

ಹೀಗೆ ಬಂದವರಿಗೆ ಲಲಿತಮಹಲು ಬೇಕಾಗಲಿಲ್ಲ. ಅವರು ನಮ್ಮ ಮಹಡಿಯ ಮನೆಗಳನ್ನು ಬಾಡಿಗೆಗೆ ಹಿಡಿದರು. ತರಕಾರಿಯವಳ ಕೂಗಿಗೆ ಚೀಲ ಹಿಡಿದು ಬಾಗಿಲಿಗೆ ಬಂದರು. ಅಭ್ಯಾಸ ಮುಗಿಸಿ ಬಂದು ಎಳನೀರಿನವನ ಗಾಡಿಯ ಸುತ್ತ ನೆರೆದರು. ಅಮಾವಾಸ್ಯೆ ಹುಣ್ಣಿಮೆಗಳಂದು ಆಸನಾಭ್ಯಾಸ ಕೂಡದೆಂಬ ಕಟ್ಟಳೆಯುಳ್ಳದ್ದರಿಂದ, ನಮ್ಮ ಮನೆಯ ಮಕ್ಕಳೇ ಮರೆತಿರುವ ತಿಥಿಯನ್ನು ಅವರು ಲೆಕ್ಕವಿಟ್ಟು ತಿಳಿದುಕೊಂಡಿರುತ್ತಾರೆ. ಇದನ್ನು ಕಂಡು ನಗುವವರುಂಟು. ನನಗೆ ನಾಚಿಕೆಯೇ ಹೆಚ್ಚಾಗುತ್ತದೆ.

ಆದರೂ ಚರಿತ್ರೆಯನ್ನು ಬರೆಯುವವನು ಬೆಳಕನ್ನಷ್ಟೇ ಬರೆದರೆ ಸಾಲದು. ಮೂರು ತಿಂಗಳಿದ್ದೂ ಮೂರು ಕನ್ನಡ ಮಾತುಗಳನ್ನು ಕಲಿಯದೆ, ತಮ್ಮವರ ನಡುವೆಯೇ ತಿರುಗಾಡಿ, ಗೋಕುಲಂ ಎಂಬುದನ್ನೇ ಮೈಸೂರೆಂದು ಬಗೆದು ಹಿಂದಿರುಗುವವರು ಇದ್ದಾರೆ. ಇದಕ್ಕಿಂತ ಗುರುತರವಾದುದು ಮತ್ತೊಂದು. 2009ರಲ್ಲಿ ಜೋಯಿಸರು ತೀರಿಕೊಂಡ ಕೆಲವು ವರ್ಷಗಳ ತರುವಾಯ, ಆಸನಗಳನ್ನು ತಿದ್ದುವ ನೆಪದಲ್ಲಿ ಅವರು ಅನುಚಿತವಾಗಿ ಮುಟ್ಟಿದರೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. ಅವರ ಮೊಮ್ಮಗ ಶರತ್ ಜೋಯಿಸರು 2019ರಲ್ಲಿ ಬಹಿರಂಗವಾಗಿಯೇ ವಿಷಾದವನ್ನು ಸೂಚಿಸಿದರು. ಊರಿನ ಕೀರ್ತಿಗೆ ಕುಂದೆಂದು ಇದನ್ನು ಮುಚ್ಚುವುದು ನ್ಯಾಯವಲ್ಲ. ಭಾಷೆ ತಿಳಿಯದ ಊರಿಗೆ ನಂಬಿ ಬಂದವರು ನೊಂದರೆ, ಆ ಮಾತನ್ನು ಕಿವಿಗೊಟ್ಟು ಕೇಳುವುದೂ ಅತಿಥಿಸತ್ಕಾರದ ಒಂದು ಅಂಗವೇ ಸರಿ.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದಿಂದ ವಿಮಾನಗಳು ನಿಂತವು. ಮರುವರ್ಷದ ಧನುರ್ಮಾಸಕ್ಕೆ ಅತಿಥಿಗಳು ಬರಲಿಲ್ಲ. ಅವರಿಂದ ನಡೆಯುತ್ತಿದ್ದ ಚಿಕ್ಕ ವ್ಯಾಪಾರಗಳು ಸೊರಗಿದವು. ಬಾಡಿಗೆಯ ಮಹಡಿಗಳು ಖಾಲಿ ಬಿದ್ದವು. ಅವರು ನಮಗೆ ಏನಾಗಿದ್ದರೆಂಬ ಪ್ರಶ್ನೆ ಆಗ ತಾನಾಗಿಯೇ ಎದ್ದಿತು: ಬರಿಯ ವರಮಾನವೇ, ನೆರೆಹೊರೆಯೇ? ಪ್ರವಾಸಿಗಳಿಗೆ ಬಾಗಿಲು ತೆರೆದ ಮೇಲೆ ಅವರು ಮತ್ತೆ ಬಂದರು. ಪ್ರಶ್ನೆಯನ್ನು ನಾವು ಮರೆತೆವು.

ಅರಮನೆಯ ಅತಿಥಿಯು ನಮ್ಮಿಂದ ಏನನ್ನೂ ಕಲಿಯಲಿಲ್ಲ. ನಾವೂ ಆತನಿಂದ ಕಲಿಯಲಿಲ್ಲ. ಬಾಡಿಗೆಮನೆಯ ಅತಿಥಿಯು ಕಲಿಯುವುದಕ್ಕಾಗಿಯೇ ಬಂದನು. ಜೋಯಿಸರ ‘ಯೋಗ ಮಾಲಾ’ 1962ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. 1999ರಲ್ಲಿ ಇಂಗ್ಲಿಷಿಗೆ ಹೋಯಿತು. ಇಂದು ದೂರದೇಶಗಳಲ್ಲಿ ಅದನ್ನು ಮಣೆಯ ಮೇಲಿಟ್ಟು ಓದುವವರಿದ್ದಾರೆ. ಅದು ಮೊದಲು ನಮ್ಮ ಭಾಷೆಯಲ್ಲಿ ಹುಟ್ಟಿತೆಂಬುದು ಇದೇ ಊರಿನ ಎಷ್ಟು ಮನೆಗಳಿಗೆ ತಿಳಿದಿದೆ?

ಧನುರ್ಮಾಸದ ನಸುಕಿನಲ್ಲಿ ಗೋಕುಲಂ ಕಡೆ ನಡೆದುಹೋದರೆ ಎರಡು ಬಗೆಯ ಕಿಟಕಿಗಳಲ್ಲಿ ದೀಪ ಕಾಣುತ್ತದೆ. ಒಂದರಲ್ಲಿ ಹುಗ್ಗಿಗೆ ಮೆಣಸು ಕುಟ್ಟುವ ಸದ್ದು. ಇನ್ನೊಂದರಲ್ಲಿ ಚಾಪೆಯನ್ನು ಸುತ್ತಿಕೊಂಡು ಶಾಲೆಗೆ ಹೊರಡುವ ಸಿದ್ಧತೆ. ನಡುವೆ ಇರುವುದು ಒಂದು ಕಾಂಪೌಂಡು ಗೋಡೆ ಮಾತ್ರ. ಅದರ ಮೇಲಿಂದ ಒಂದು ಬಟ್ಟಲು ಹುಗ್ಗಿಯನ್ನೂ ನಾಲ್ಕು ಕನ್ನಡ ಮಾತುಗಳನ್ನೂ ದಾಟಿಸುವುದು ನಮ್ಮ ಕೈಯಲ್ಲಿದೆ. ಆ ಚಿಕ್ಕ ಕೆಲಸವಾದರೆ, ಚಳಿಯಿಂದ ತಪ್ಪಿಸಿಕೊಳ್ಳಲು ಬಂದವರು ಮೈಸೂರನ್ನು ಕಂಡುಹೋದಾರು. ನಾವೂ ಅವರ ಕಣ್ಣಿನಿಂದ ನಮ್ಮ ಊರನ್ನು ಮತ್ತೊಮ್ಮೆ ಕಂಡೇವು.