ಉಸಿರಿನ ದೂಳು, ಮೂತ್ರಪಿಂಡದ ಲೆಕ್ಕ

ಗದಗಿನ ಪಂಚಾಳ ನಗರದಲ್ಲಿ ಗಾಳಿ ಅಳೆಯುವ ಸರ್ಕಾರಿ ಯಂತ್ರವೊಂದಿದೆ. ಅದು ಕೊಡುವ ಅಂಕಿಗಳಿಂದಾಗಿ ದೇಶದ ಶುದ್ಧ ಗಾಳಿಯ ಊರುಗಳ ಪಟ್ಟಿಯಲ್ಲಿ ಗದಗಿನ ಹೆಸರು ಹಲವು ಸಲ ಮುಂದೆ ಬಂದಿದೆ. ಸಂತೋಷದ ಸುದ್ದಿಯೇ. ಆದರೆ ಅದೇ ಜಿಲ್ಲೆಯ ಬಾಳೆಹೊಸೂರಿನಂಥ ಹಳ್ಳಿಯಲ್ಲಿ ಹತ್ತಿ ಕಟ್ಟಿಗೆ, ಕುಳ್ಳು ಉರಿಯುವ ಒಲೆಯ ಮುಂದೆ ಕೂತವಳ ಎದೆಗೆ ಇಳಿಯುವ ಹೊಗೆ ಆ ಯಂತ್ರಕ್ಕೆ ಸಿಗುವುದಿಲ್ಲ. ಗೋವಿನಜೋಳದ ರಾಶಿ ಮಾಡುವಾಗ ಏಳುವ ದೂಳು, ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವವನ ಮೈಮೇಲೆ ಬೀಳುವ ತುಂತುರು, ಕೊಳವೆಬಾವಿಯ ನೀರಿನಲ್ಲಿ ಕರಗಿದ ಫ್ಲೋರೈಡು ಕೂಡ ಅದರ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ವಿಷವಿಜ್ಞಾನದ ಮುನ್ನೂರು ವರ್ಷಗಳ ಚರಿತ್ರೆಯನ್ನು ಓದುತ್ತ ಹೋದರೆ, ಅಳತೆಗೋಲು ಕಾರ್ಖಾನೆಯಿಂದ ಮನೆಗೆ, ಮನೆಯಿಂದ ಮನುಷ್ಯನ ರಕ್ತ ಮೂತ್ರಗಳಿಗೆ ಹತ್ತಿರವಾದಾಗಲೆಲ್ಲ ಈ ಶಾಸ್ತ್ರ ಒಂದು ಹೆಜ್ಜೆ ಮುಂದಿಟ್ಟಿರುವುದು ಕಾಣುತ್ತದೆ.

ಕಸುಬಿಗೂ ರೋಗಕ್ಕೂ ಇರುವ ನಂಟನ್ನು ಗ್ರಂಥವಾಗಿ ಬರೆದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ, 1700ರಲ್ಲಿ. ರೋಗಿಯನ್ನು ನೋಡುವಾಗ ಅವನ ಕೆಲಸವೇನೆಂದು ಕೇಳಬೇಕು ಎಂದು ವೈದ್ಯರಿಗೆ ಕಲಿಸಿದವನು ಅವನೇ. ಕನ್ನಡನಾಡಿನಲ್ಲಿ ಈ ಪ್ರಶ್ನೆ ಗಂಭೀರವಾಗಿ ಎದ್ದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಅಲ್ಲಿನ ಬಂಡೆಯಲ್ಲಿದ್ದ ಸಿಲಿಕಾ ಸಣ್ಣ ಪುಡಿಯಾಗಿ ಶ್ವಾಸಕೋಶದ ತಳಕ್ಕಿಳಿದು, ಅಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುತ್ತಿತ್ತು. 1940ರ ದಶಕದಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ಸಂಶೋಧಕರು 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಎಂಬ ಈ ರೋಗ ಇತ್ತು. ಲಖನೌದಲ್ಲಿ 1965ರಲ್ಲಿ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರ ಹುಟ್ಟಿದಾಗ ಅದರ ಸ್ಥಾಪಕ ನಿರ್ದೇಶಕರಾದ ಸಿಬ್ತೆ ಹಸನ್ ಝೈದಿ ಅವರ ಮುಖ್ಯ ಕೆಲಸವೂ ಇಂಥ ದೂಳಿನ ಕಾಯಿಲೆಗಳ ಮೇಲೆಯೇ ಇತ್ತು. ಆಗ ಎಲ್ಲರ ಕಣ್ಣು ಶ್ವಾಸಕೋಶದ ಮೇಲಷ್ಟೇ. ಸಿಲಿಕಾ ಮೂತ್ರಪಿಂಡಕ್ಕೂ ಕೆಡುಕು ಮಾಡುತ್ತದೆ ಎಂಬುದು ಗಟ್ಟಿಯಾದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಕೈಗಾರಿಕೆಗೆ ಮರಳು ತೆಗೆಯುವ ಸುಮಾರು 4,600 ಕಾರ್ಮಿಕರ ಕುರಿತು ಕೈಲ್ ಸ್ಟೀನ್‌ಲ್ಯಾಂಡ್ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಅವರಲ್ಲಿ ಮೂತ್ರಪಿಂಡ ಪೂರ್ತಿ ಸೋಲುವ ಪ್ರಮಾಣ ಹೆಚ್ಚಿದ್ದನ್ನು ತೋರಿಸಿತು. ಕೋಲಾರದ ಗಣಿ ಮುಚ್ಚಿದ್ದೂ ಅದೇ ವರ್ಷ.

ಶ್ವಾಸಕೋಶ, ಮೂತ್ರಪಿಂಡ ಎಂಬ ಈ ಎರಡು ಅಂಗಗಳನ್ನು ಮೊದಲಿಗೆ ಒಟ್ಟಿಗೆ ನೋಡಿದವರಲ್ಲಿ ನಾನು ಬಹಳ ಗೌರವದಿಂದ ನೆನೆಯುವುದು ಸ್ವೀಡನ್ನಿನ ಲಾರ್ಸ್ ಫ್ರೀಬರ್ಗ್ ಅವರನ್ನು. ಅಲ್ಲಿನ ಬ್ಯಾಟರಿ ಕಾರ್ಖಾನೆಯೊಂದರಲ್ಲಿ ಕ್ಯಾಡ್ಮಿಯಂ ದೂಳನ್ನು ಉಸಿರಾಡುತ್ತಿದ್ದ ಕಾರ್ಮಿಕರನ್ನು ಪರೀಕ್ಷಿಸಿ ಅವರು 1950ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ದೂಳು ಹೋದದ್ದು ಮೂಗಿನಿಂದ. ಶ್ವಾಸಕೋಶ ಹಿಗ್ಗಿ ಬಿಗಿ ಕಳೆದುಕೊಂಡಿತ್ತು, ಅದು ನಿರೀಕ್ಷಿತ. ಆದರೆ ಅದೇ ಜನರ ಮೂತ್ರದಲ್ಲಿ ಪ್ರೋಟೀನು ಸೋರುತ್ತಿತ್ತು. ಮಾಮೂಲಿ ಪರೀಕ್ಷೆಗೆ ಸುಲಭವಾಗಿ ಸಿಗದ, ತೀರ ಸಣ್ಣ ಕಣದ ಪ್ರೋಟೀನು ಅದು. ಮೂತ್ರಪಿಂಡದ ನಾಳಗಳು ಮರಳಿ ಹೀರಿಕೊಳ್ಳಬೇಕಾದುದನ್ನು ಕೈಬಿಡುತ್ತಿವೆ ಎಂಬುದರ ಸೂಚನೆ. ಕ್ಯಾಡ್ಮಿಯಂ ಒಮ್ಮೆ ಮೂತ್ರಪಿಂಡ ಸೇರಿದರೆ ಅದರ ಅರ್ಧ ಭಾಗ ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಕೆಲಸ ಬಿಟ್ಟು ಊರಿಗೆ ಬಂದು ಹೊಲ ಮಾಡಿಕೊಂಡಿದ್ದರೂ ಕಾರ್ಖಾನೆ ಮೈಯೊಳಗೇ ಇರುತ್ತದೆ. ಜಪಾನಿನ ಟೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜೂ ನದಿಯಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದು, ನಡು ವಯಸ್ಸಿನ ಹೆಂಗಸರ ಮೂತ್ರಪಿಂಡ ಕೆಟ್ಟು ಎಲುಬು ಮುರಿಯುತ್ತಿದ್ದ ರೋಗವನ್ನು ಅಲ್ಲಿನ ಸರ್ಕಾರ 1968ರಲ್ಲಿ ಮಾಲಿನ್ಯದ ರೋಗವೆಂದು ಒಪ್ಪಿತು. ತಂಬಾಕಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರುವುದರಲ್ಲಿ ಗಟ್ಟಿಗ. ಹಾಗಾಗಿ ಬೀಡಿ ಸೇದುವವರ ಎರಡೂ ಅಂಗಗಳಿಗೆ ಅದು ದಿನವೂ ಅಷ್ಟಷ್ಟೇ ಸೇರುತ್ತಿರುತ್ತದೆ.

ಗದಗ–ಬೆಟಗೇರಿಯವರಿಗೆ ಸೀಸದ ಕಥೆ ಇನ್ನೂ ಹತ್ತಿರದ್ದು. ಮುದ್ರಣಕ್ಕೆ ಹೆಸರಾದ ಊರು ಇದು. ಅಚ್ಚಿನ ಮೊಳೆಗಳೆಂದರೆ ಸೀಸ, ಅಂಟಿಮನಿ, ತವರದ ಮಿಶ್ರಣ. ಮೊಳೆ ಜೋಡಿಸುತ್ತಿದ್ದ ಬೆರಳುಗಳಿಂದಲೇ ಊಟ ಮಾಡಿದ ಎರಡು ಮೂರು ತಲೆಮಾರುಗಳು ಇಲ್ಲಿ ಬದುಕಿವೆ. ಸೀಸ ಮೂತ್ರಪಿಂಡವನ್ನು ನಿಧಾನವಾಗಿ ಕುಗ್ಗಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಭಾರತದಲ್ಲಿ ಇದನ್ನು ಸಾರ್ವಜನಿಕ ಪ್ರಶ್ನೆಯಾಗಿಸಿದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್, ಜಾರ್ಜ್ ಫೌಂಡೇಶನ್ ಜೊತೆಗೂಡಿ 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ಮಾಡಿಸಿದರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇತ್ತು. 2000ದಲ್ಲಿ ದೇಶಾದ್ಯಂತ ಸೀಸ ಬೆರೆಸಿದ ಪೆಟ್ರೋಲು ನಿಂತಿತು.

ಆ 10 ಎಂಬ ಅಂಕಿಯ ಪ್ರಯಾಣವನ್ನೂ ನೋಡಬೇಕು. ಅಮೆರಿಕದಲ್ಲಿ ಮಕ್ಕಳ ರಕ್ತದ ಸೀಸಕ್ಕೆ ಕಳವಳದ ಗೆರೆ 1960ರ ದಶಕದಲ್ಲಿ 60 ಇತ್ತು. 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಕುಡಿಯುವ ನೀರಿನ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ್ದ ಮಿತಿ ಲೀಟರಿಗೆ 50 ಮೈಕ್ರೋಗ್ರಾಂನಿಂದ 1993ರಲ್ಲಿ 10ಕ್ಕೆ ಇಳಿಯಿತು. ಗಾಳಿಯ ಸಣ್ಣ ಕಣಗಳಿಗೆ ಅದೇ ಸಂಸ್ಥೆಯ ವಾರ್ಷಿಕ ಮಿತಿ 2005ರಲ್ಲಿ ಘನ ಮೀಟರಿಗೆ 10 ಮೈಕ್ರೋಗ್ರಾಂ, 2021ರಿಂದ 5. ಭಾರತದ್ದು 2009ರಿಂದ 40ರಲ್ಲೇ ನಿಂತಿದೆ. ಗೆರೆ ಇಳಿದದ್ದು ಮನುಷ್ಯ ಮೆದುವಾದದ್ದರಿಂದ ಅಲ್ಲ, ಅಳೆಯುವ ಕಣ್ಣು ಚುರುಕಾದದ್ದರಿಂದ.

ಅರಳೆ ಗಿರಣಿಯ ದೂಳಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವರಿಗೆ ಎದೆ ಬಿಗಿಯುವ ಹತ್ತಿ ಕಾರ್ಮಿಕರ ರೋಗವನ್ನು ಇಂಗ್ಲೆಂಡಿನಲ್ಲಿ 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಕ್ರಮಬದ್ಧವಾಗಿ ದಾಖಲಿಸಿದರು. ಹತ್ತಿಯ ಪೇಟೆಯಾಗಿ ಬೆಳೆದ ಗದಗಿನಲ್ಲಿ ಆ ಎದೆಬಿಗಿತ ದಮ್ಮು, ಕೆಮ್ಮು ಎಂಬ ಹೆಸರಿನಲ್ಲೇ ಹೋಯಿತು.

ನೀರಿನ ಕಡೆ ಬರೋಣ. ದಕ್ಷಿಣ ಭಾರತದ ಜನರ ಎಲುಬನ್ನು ಬಾಗಿಸುತ್ತಿದ್ದುದು ಫ್ಲೋರೈಡು ಎಂದು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಮುಂಡರಗಿ, ಶಿರಹಟ್ಟಿ ಸೀಮೆಯವರಿಗೆ ಫ್ಲೋರೈಡಿನ ಹೆಸರು ಪರಿಚಿತ. ಹಲ್ಲಿನ ಮೇಲಿನ ಕಂದು ಪಟ್ಟೆ, ಮಡಚಲು ಬಾರದ ಮೊಣಕಾಲು ಇಲ್ಲಿಯ ಹಳ್ಳಿಗಳಲ್ಲಿ ಹೊಸತಲ್ಲ. ಹಲ್ಲು ಮತ್ತು ಎಲುಬಿನ ಮಾತಿನ ನಡುವೆ ಮರೆತುಹೋಗುವುದು ಮೂತ್ರಪಿಂಡ. ಮೈಗೆ ಸೇರಿದ ಫ್ಲೋರೈಡಿನಲ್ಲಿ ದೊಡ್ಡ ಪಾಲನ್ನು ಹೊರಹಾಕುವುದು ಅದೇ. ಮೂತ್ರಪಿಂಡ ಸೋತವರಲ್ಲಿ ಫ್ಲೋರೈಡು ಇನ್ನಷ್ಟು ಉಳಿಯುತ್ತದೆ. ಬಿಸಿಲಿನ ನಾಡಿನಲ್ಲಿ ಹೊಲದಲ್ಲಿ ದುಡಿಯುವವನು ಕೊಡಗಟ್ಟಲೆ ನೀರು ಕುಡಿಯುವುದರಿಂದ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯೇ ಅವನಿಗೆ ಸಾಲದು. ಗದಗಿನವರೇ ಆದ ಎಚ್.ಕೆ. ಪಾಟೀಲ 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. ಅದು ಈ ಜಿಲ್ಲೆಯ ನೋವಿನಿಂದಲೇ ಹುಟ್ಟಿದ ಕೆಲಸ ಎಂದು ನನ್ನ ಭಾವನೆ.

ಹೊಗೆಯ ಅಧ್ಯಯನದಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ಅಸ್ತ್ರ ತಂಡದಿಂದ ಅಸ್ತ್ರ ಒಲೆ ಬಂತು. ಕೆ.ಎಸ್. ಜಗದೀಶ್ ಮೊದಲಾದವರು ರೂಪಿಸಿದ ಆ ಒಲೆ ಸೌದೆ ಉಳಿಸುವುದರ ಜೊತೆಗೆ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುತ್ತಿತ್ತು. ನಗರದ ಕಡೆ, ಡಾ. ಎಚ್. ಪರಮೇಶ್ ಬೆಂಗಳೂರಿನ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳ ಹೆಂಗಸರ ಉಸಿರನ್ನು ವರ್ಷಗಟ್ಟಲೆ ಗಮನಿಸಿದರು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಎಷ್ಟು ವರ್ಷದಿಂದ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಏರುತ್ತದೆ ಎಂದು ಅವರು ಕಂಡರು. ಹದಿನೆಂಟಕ್ಕೆ ಮದುವೆಯಾಗಿ ಬಂದು ದಿನಕ್ಕೆ ಮೂರು ತಾಸು ರೊಟ್ಟಿ ಬಡಿಯುವ ಹೆಣ್ಣುಮಗಳು ಮೂವತ್ತೆಂಟಕ್ಕೆ ಆ ಗಡಿ ಮುಟ್ಟುತ್ತಾಳೆ. ಬೀಡಿ ಮುಟ್ಟದವಳಿಗೆ ಬೀಡಿ ಸೇದುವವರ ರೋಗ.

ಪ್ಯಾರಾಕ್ವಾಟ್ ಎಂಬ ಕಳೆನಾಶಕ ಈ ಎರಡು ಅಂಗಗಳ ನಂಟನ್ನು ಅತ್ಯಂತ ಕ್ರೂರವಾಗಿ ತೋರಿಸಿಕೊಟ್ಟಿತು. 1962ರಲ್ಲಿ ಪೇಟೆಗೆ ಬಂದ ಇದರಿಂದಾದ ಆಕಸ್ಮಿಕ ಸಾವುಗಳ ವರದಿ 1966ರಲ್ಲೇ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮುಂದಿನ ದಶಕದಲ್ಲಿ ಅದರ ತಯಾರಕ ಕಂಪನಿಯ ಪ್ರಯೋಗಾಲಯದಲ್ಲೇ ರೋಸ್, ಸ್ಮಿತ್, ವ್ಯಾಟ್ ಎಂಬ ಸಂಶೋಧಕರು ಕಾರಣ ಬಿಡಿಸಿದರು. ಶ್ವಾಸಕೋಶದ ಕೆಲವು ಜೀವಕೋಶಗಳು ತಮಗೆ ಬೇಕಾದ ಬೇರೊಂದು ವಸ್ತುವೆಂದು ತಪ್ಪು ತಿಳಿದು ಇದನ್ನು ಎಳೆದುಕೊಳ್ಳುತ್ತವೆ. ಒಳಗೆ ಆಮ್ಲಜನಕವೇ ವಿಷವಾಗಿ ತಿರುಗುತ್ತದೆ. ಆದ್ದರಿಂದ ಉಸಿರು ಕಟ್ಟಿದವನಿಗೆ ಆಮ್ಲಜನಕ ಕೊಡಲೂ ವೈದ್ಯರು ಹಿಂಜರಿಯಬೇಕು. ವಿಷ ಹೊರಹೋಗುವ ದಾರಿ ಮೂತ್ರಪಿಂಡ. ಅದು ಮೊದಲೇ ಕೈಕೊಟ್ಟರೆ ರಕ್ತದಲ್ಲಿ ಉಳಿದದ್ದೆಲ್ಲ ಶ್ವಾಸಕೋಶಕ್ಕೆ ಹೋಗುತ್ತದೆ. ಇದಕ್ಕೆ ಪ್ರತ್ಯೌಷಧ ಇಲ್ಲ. ಯುರೋಪು, ಚೀನಾ, ಬ್ರೆಜಿಲ್, ಶ್ರೀಲಂಕಾ ಇದನ್ನು ನಿಲ್ಲಿಸಿವೆ. ಕೇರಳ 2011ರಲ್ಲಿ ನಿಷೇಧಿಸಿತು. ನಮ್ಮ ಕೃಷಿ ಅಂಗಡಿಗಳಲ್ಲಿ ಇದು ಇರಬಾರದು ಎಂದೇ ನಾನು ಹೇಳುವೆ. ಕಳೆ ತೆಗೆಯಲು ಬೇರೆ ದಾರಿಗಳಿವೆ, ಹೋದ ಮನುಷ್ಯ ಮತ್ತೆ ಬರುವುದಿಲ್ಲ. ಎಂಡೋಸಲ್ಫಾನ್ ಎಂಬ ಇನ್ನೊಂದು ವಿಷದ, ಕೀಟನಾಶಕದ, ಕಾಸರಗೋಡಿನ ಪ್ರಕರಣದಲ್ಲಿ ಮೊದಮೊದಲು ಅನುಮಾನಪಟ್ಟವರಲ್ಲಿ ವಾಣಿನಗರದ ಸ್ಥಳೀಯ ವೈದ್ಯ ಮೋಹನ ಕುಮಾರ್ ಒಬ್ಬರು, ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದವರು ಪತ್ರಕರ್ತ ಶ್ರೀಪಡ್ರೆ. ಪ್ರಯೋಗಾಲಯ ಬಂದದ್ದು ಆಮೇಲೆ.

ಇತ್ತೀಚಿನ ದಶಕದ ದೊಡ್ಡ ಬೆಳವಣಿಗೆ ಎಂದರೆ, ಗಾಳಿಯ ದೂಳು ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ ಎಂಬುದು ಕಣ್ಣಿಗೆ ಕಂಡದ್ದು. 2017ರಲ್ಲಿ ಎಡಿನ್‌ಬರೋದ ಮಾರ್ಕ್ ಮಿಲ್ಲರ್ ತಂಡ ಸ್ವಯಂಸೇವಕರಿಗೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಉಸಿರಾಡಲು ಕೊಟ್ಟಿತು. ಒಂದು ದಿನದೊಳಗೆ ಆ ಚಿನ್ನ ರಕ್ತದಲ್ಲೂ ಮೂತ್ರದಲ್ಲೂ ಸಿಕ್ಕಿತು. ಮೂರು ತಿಂಗಳ ನಂತರವೂ ಇತ್ತು. ಮರುವರ್ಷ ಅಮೆರಿಕದ ಸುಮಾರು 25 ಲಕ್ಷ ಮಾಜಿ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದ ಬೆನ್ ಬೋವ್, ಝಿಯಾದ್ ಅಲ್-ಅಲಿ ಮುಂತಾದವರು ಸಣ್ಣ ಕಣಗಳು ಹೆಚ್ಚಿರುವಲ್ಲಿ ಮೂತ್ರಪಿಂಡದ ದೀರ್ಘ ಕಾಯಿಲೆಯೂ ಹೆಚ್ಚು ಎಂದು ತೋರಿಸಿದರು.

ಚಿನ್ನದ ಮಾತು ಬಂತು. ಗದಗ ಜಿಲ್ಲೆಯ ಕಪ್ಪತಗುಡ್ಡದ ಬಂಡೆಯಲ್ಲಿ ಚಿನ್ನವಿದೆ, ಅದರ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಇದೆ. ಯಾದಗಿರಿಯ ಮಂಗಳೂರು ಶಿಲಾಪಟ್ಟಿಯಲ್ಲಿ, ಹಳೆಯ ಚಿನ್ನದ ಗಣಿಯ ಸುತ್ತಲಿನ ಕಿರದಳ್ಳಿ ತಾಂಡಾದಲ್ಲಿ ಏನಾಯಿತೆಂಬುದನ್ನು ದೀಪಂಕರ ಚಕ್ರವರ್ತಿ ತಂಡ 2013ರಲ್ಲಿ ಬರೆದಿದೆ: ಕೊಳವೆಬಾವಿಯಲ್ಲಿ ಆರ್ಸೆನಿಕ್, ಜನರ ಚರ್ಮದ ಮೇಲೆ ಅದರ ಗುರುತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದದ್ದನ್ನು ಗಿಡಮೂಲಿಕೆಗಳ ರಕ್ಷಣೆ ಎಂದಷ್ಟೇ ನೋಡುವವರಿದ್ದಾರೆ. ಗಣಿಯ ಆರ್ಸೆನಿಕ್ ನೀರಿಗೆ ಸೇರದಂತೆ ತಡೆಯುವುದರಿಂದ ಅದು ಸುತ್ತಲಿನ ಹಳ್ಳಿಗಳ ಮೂತ್ರಪಿಂಡಗಳ ರಕ್ಷಣೆಯೂ ಹೌದು.

ಈಗಿನ ವಿಷವಿಜ್ಞಾನ ಒಂದೊಂದೇ ವಿಷವನ್ನು ಹಿಡಿದು ಕೂರುವುದಿಲ್ಲ. ಒಬ್ಬಳೇ ಹೆಣ್ಣುಮಗಳ ಮೈಯಲ್ಲಿ ಹೊಗೆ, ಫ್ಲೋರೈಡು, ಕೀಟನಾಶಕ, ಬಿಸಿಲಿನ ಬಾಯಾರಿಕೆ ಎಲ್ಲ ಸೇರಿದಾಗ ಏನಾಗುತ್ತದೆ ಎಂಬುದೇ ಅದರ ಪ್ರಶ್ನೆ. ನಮ್ಮಲ್ಲಿ ನೀರಿನ ವರದಿ ಒಂದು ಇಲಾಖೆಯಲ್ಲಿ, ಗಾಳಿಯದು ಇನ್ನೊಂದರಲ್ಲಿ, ಕೆಮ್ಮಿನ ಚೀಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಡಯಾಲಿಸಿಸ್ ಕಡತ ಜಿಲ್ಲಾಸ್ಪತ್ರೆಯಲ್ಲಿ. ಇವನ್ನು ಒಂದೇ ಊರಿನ, ಒಂದೇ ಮನೆಯ ಹೆಸರಿನಲ್ಲಿ ಕೂಡಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಒಂದೇ ಮೂತ್ರದ ಮಾದರಿಯಲ್ಲಿ ಫ್ಲೋರೈಡು, ಆರ್ಸೆನಿಕ್, ಕ್ಯಾಡ್ಮಿಯಂ, ಜೊತೆಗೆ ಫ್ರೀಬರ್ಗ್ ಕಂಡ ಆ ಸಣ್ಣ ಪ್ರೋಟೀನನ್ನೂ ನೋಡಬಹುದು. ಬಾಯಿಂದ ಊದಿ ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೀಟರು ಕೈಚೀಲದಲ್ಲಿ ಹಿಡಿಸುತ್ತದೆ. ಗದಗಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬಾಳೆಹೊಸೂರು, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಿಗೆ ಅದರ ವಿದ್ಯಾರ್ಥಿಗಳು ಈ ಎರಡನ್ನೂ ಹಿಡಿದು, ಒಲೆಯ ತಾಸನ್ನೂ ಬೋರಿನ ನೀರನ್ನೂ ಎಣ್ಣೆ ಹೊಡೆದ ದಿನಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು, ಅದೇ ಮನೆಗಳಿಗೆ ಪ್ರತಿವರ್ಷ ರಾಶಿ ಮುಗಿದ ಮೇಲೆ ಹೋಗಿಬಂದರೆ ಸಾಕು.