ಕುರ್ಚಿಗೆ ಮುಂಚಿನ ಕಾಲು ಶತಮಾನ: ಯಶೋಧರಾ ದಾಸಪ್ಪನವರ ಸಚಿವ ಪದವಿಯನ್ನು ಓದುವ ಬಗೆ

1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹೀಗಾಗಿ ಆ ವರ್ಷದ ಮಾರ್ಚ್ 14ರಂದು ಎಸ್.ಆರ್. ಕಂಠಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಮೂರು ತಿಂಗಳಷ್ಟೇ ಬಾಳಿದ ಆ ಮಂತ್ರಿಮಂಡಲದಲ್ಲಿ ಯಶೋಧರಾ ದಾಸಪ್ಪನವರೂ ಸಚಿವೆಯಾಗಿದ್ದರು. ಅವರಿಗೆ ಆಗ 56 ವರ್ಷ. ನಮ್ಮ ರಾಜಕೀಯ ಚರಿತ್ರೆಗಳು ಅವರನ್ನು ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ: ಎಚ್.ಸಿ. ದಾಸಪ್ಪನವರ ಪತ್ನಿ, ಗಾಂಧಿವಾದಿ, ಸಚಿವೆ, 1972ರಲ್ಲಿ ಪದ್ಮಭೂಷಣ. ಈ ಸಾಲುಗಳಲ್ಲಿ ತಪ್ಪಿಲ್ಲ, ಆದರೆ ಅವು ಬದುಕನ್ನು ಹಿಂದುಮುಂದಾಗಿ ಹಿಡಿಯುತ್ತವೆ. ಸಚಿವ ಪದವಿಯನ್ನು ಶಿಖರವೆಂದು ಎಣಿಸಿದರೆ ಅದಕ್ಕೆ ಮುಂಚಿನದೆಲ್ಲ ಬರಿಯ ಮೆಟ್ಟಿಲಾಗುತ್ತದೆ. ಮುಂಚಿನ ಆ ಕಾಲು ಶತಮಾನದಲ್ಲೇ ಅವರ ಸಾರ್ವಜನಿಕ ಅಧಿಕಾರ ರೂಪುಗೊಂಡಿತ್ತು, ಕುರ್ಚಿ ಅದಕ್ಕೆ ಸೇರಿಕೊಂಡದ್ದು ಆಮೇಲೆ. ಅವರು ಕುರ್ಚಿಯನ್ನು ಬಿಟ್ಟ ರೀತಿಯೂ ಇದರಿಂದಲೇ ಅರ್ಥವಾಗುತ್ತದೆ ಎಂಬುದು ಈ ಲೇಖನದ ವಾದ.

ಯಶೋಧರಾ ಅವರು ಹುಟ್ಟಿದ್ದು 1905ರ ಮೇ 28ರಂದು, ಬೆಂಗಳೂರಿನಲ್ಲಿ. ತಂದೆ ಕೆ.ಎಚ್. ರಾಮಯ್ಯ ಹೆಸರಾದ ಸಮಾಜಸೇವಕರು. ಮಗಳು ಲಂಡನ್ ಮಿಷನ್ ಶಾಲೆಯಲ್ಲಿ ಓದಿ, ಮುಂದೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. 1914ರಲ್ಲಿ ಆರಂಭವಾದ ಆ ಮಹಿಳಾ ಕಾಲೇಜಿಗೆ ಮೈಸೂರು ಸೀಮೆಯ ಒಕ್ಕಲು ಸಮುದಾಯದ ಮನೆಯೊಂದು ಹೆಣ್ಣುಮಗಳನ್ನು ಕಳಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆ ಪೀಳಿಗೆಯ ಓದಿದ ಹೆಂಗಸರಿಗೆ ರಾಜಕೀಯದ ಬಾಗಿಲು ಕಾನೂನಿನ ಮಟ್ಟಿಗೆ ಮುಚ್ಚಿರಲಿಲ್ಲ. 1881ರಷ್ಟು ಹಿಂದೆಯೇ ಸ್ಥಾಪನೆಯಾಗಿದ್ದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮತದಾನಕ್ಕೆ ಹೆಣ್ಣೆಂಬ ಕಾರಣದ ಅಡ್ಡಿ 1923ರ ಸುಧಾರಣೆಯ ಹೊತ್ತಿಗೆ ತೆಗೆದುಹೋಗಿತ್ತು. ಆದರೆ ಮತದ ಹಕ್ಕು ಆಸ್ತಿ, ಕಂದಾಯಗಳ ಮೇಲೆ ನಿಂತಿತ್ತು. ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣಿಗೆ ಅಡ್ಡಿ ತೆಗೆದರೂ ಒಂದೇ, ಇಟ್ಟರೂ ಒಂದೇ. ಹೀಗಾಗಿ ಹೆಂಗಸರ ಸಾರ್ವಜನಿಕ ಕೆಲಸ ಶಾಸನಸಭೆಯ ಹೊರಗೇ ಬೆಳೆಯಿತು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆ ದಿನಗಳಲ್ಲಿ ದಾಸಪ್ಪ ದಂಪತಿ ಮೈಸೂರು ಕಾಂಗ್ರೆಸ್ಸಿನ ಮುಂಚೂಣಿಯಲ್ಲಿದ್ದರು. ಅವರ ಮನೆಯೇ ಚಳವಳಿಗಾರರು ಸೇರುವ ತಾಣವಾಗಿತ್ತು.

ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಕಸ್ತೂರಬಾ ಸ್ಮಾರಕ ನಿಧಿಯ ಕೆಲಸ. 1944ರ ಫೆಬ್ರವರಿ 22ರಂದು ಕಸ್ತೂರಬಾ ಸೆರೆಯಲ್ಲೇ ತೀರಿಕೊಂಡ ಮೇಲೆ ದೇಶದಲ್ಲೆಲ್ಲ ಹಣ ಕೂಡಿಸಲಾಯಿತು. ಗುರಿ 75 ಲಕ್ಷ ರೂಪಾಯಿಯಾಗಿದ್ದರೂ ಕೂಡಿದ್ದು ಅದಕ್ಕಿಂತ ಹೆಚ್ಚು. ಆ ಹಣ ಹಳ್ಳಿಯ ಹೆಂಗಸರು, ಮಕ್ಕಳಿಗಾಗಿಯೇ ಖರ್ಚಾಗಬೇಕು, ಕೆಲಸದ ಹೊಣೆಯನ್ನು ಹೆಂಗಸರೇ ಹೊರಬೇಕು ಎಂಬುದು ಗಾಂಧೀಜಿಯ ಹಟ. ನಮ್ಮ ಭಾಗದಲ್ಲಿ ಆ ಹೊಣೆ ಹೊತ್ತವರು ಯಶೋಧರಮ್ಮ. ಅರಸೀಕೆರೆಯ ಕಸ್ತೂರಬಾಗ್ರಾಮ ಆ ಕೆಲಸದ ನೆಲೆ. ಗ್ರಾಮಸೇವಿಕೆಯರಿಗೆ ತರಬೇತಿ ಕೊಟ್ಟು ಹಳ್ಳಿಗೆ ಕಳಿಸುವುದು, ಬಾಣಂತಿ ಮತ್ತು ಕೂಸಿನ ಆರೈಕೆ, ಬಾಲವಾಡಿ, ನೂಲು, ನೈರ್ಮಲ್ಯ ಇವೆಲ್ಲ ಇಂಥ ಕೇಂದ್ರಗಳ ದಿನದಿನದ ಕೆಲಸ. ಇದನ್ನು ‘ಸಮಾಜಸೇವೆ’ ಎಂದು ಪ್ರತ್ಯೇಕ ಗೂಡಿಗೆ ಹಾಕಿಡುವುದು ನಮ್ಮ ಚರಿತ್ರಕಾರರ ರೂಢಿ. ಆದರೆ ಹಣದ ಲೆಕ್ಕ ಒಪ್ಪಿಸುವುದು, ಆಳುಕಾಳು ನೇಮಿಸುವುದು, ಊರ ಗೌಡ ಶಾನುಭೋಗರನ್ನು ಒಲಿಸಿಕೊಳ್ಳುವುದು, ಸರ್ಕಾರದೊಡನೆ ಪತ್ರವ್ಯವಹಾರ ನಡೆಸುವುದು ಆಡಳಿತವಲ್ಲದೆ ಮತ್ತೇನು? ಒಬ್ಬ ಗಂಡಸು ಇದೇ ಕೆಲಸವನ್ನು ಜಿಲ್ಲಾ ಬೋರ್ಡಿನಲ್ಲಿ ಮಾಡಿದ್ದರೆ ಅದನ್ನು ರಾಜಕೀಯ ಅನುಭವ ಎಂದು ಬರೆಯುತ್ತಿದ್ದೆವು.

ಇದಕ್ಕೆ ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ಗಂಡನ ಹೆಸರಿನ ಬಲದಿಂದ ಬಂದ ಪದವಿಯಿದು. ದಾಸಪ್ಪನವರು ದೊಡ್ಡ ನಾಯಕರು, 1947ರಲ್ಲಿ ಕೆ.ಸಿ. ರೆಡ್ಡಿಯವರ ಮೊದಲ ಜನತಾ ಸರ್ಕಾರದಲ್ಲೇ ಸಚಿವರಾದವರು. ಅವರ ಹೆಸರು ನೆರವಾಗಲೇ ಇಲ್ಲ ಎಂದರೆ ಅದು ಭೋಳೆತನ. ಆದರೆ ಕಾಲಾನುಕ್ರಮವನ್ನು ನೋಡಿ. ಹೆಸರೊಂದೇ ಸಾಕಾಗಿದ್ದರೆ ಪತಿ ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಹೊತ್ತಿಗೇ ಅಥವಾ ಅದರ ಬೆನ್ನಿಗೇ ಪದವಿ ಬರಬೇಕಿತ್ತು. ಬಂದದ್ದು 15 ವರ್ಷ ಕಳೆದ ಮೇಲೆ, ದಾಸಪ್ಪನವರು ಆಗಲೇ ದೆಹಲಿಯ ರಾಜಕಾರಣಕ್ಕೆ ಹೋಗಿದ್ದಾಗ. ಅವರು ನೆಹರೂ ಸಂಪುಟದಲ್ಲಿ ರೈಲ್ವೆ ಸಚಿವರಾದದ್ದು 1963ರಲ್ಲಿ, ಅಂದರೆ ಹೆಂಡತಿ ಇಲ್ಲಿ ಸಚಿವೆಯಾದ ಮರುವರ್ಷ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಕಾಯುವುದು ಹೆಂಗಸರ ಪಾಡು ಮಾತ್ರವೇ? ಹುಣಸೂರು ಸೀಮೆಯವರು ಇದಕ್ಕೆ ತಕ್ಷಣ ಕಲ್ಲಹಳ್ಳಿಯ ಡಿ. ದೇವರಾಜ ಅರಸರನ್ನು ತೋರಿಸಬಹುದು. ಅವರು 1941ರಲ್ಲಿ ಪ್ರಜಾಪ್ರತಿನಿಧಿ ಸಭೆ ಹೊಕ್ಕವರು; 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಹುಣಸೂರು ಕ್ಷೇತ್ರ ಅವರ ಬೆನ್ನಿಗಿತ್ತು. ಅಂಥವರೂ ಸಚಿವರಾದದ್ದು 1962ರಲ್ಲಿ, ಕಂಠಿಯವರ ನಂತರ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರ ಸಂಪುಟದಲ್ಲಿ, 46ನೆಯ ವಯಸ್ಸಿಗೆ. ಹಾಗಾದರೆ ನಡುವಯಸ್ಸಿನ ಸಚಿವಗಿರಿಯಲ್ಲಿ ಹೆಣ್ಣೆಂಬ ವಿಶೇಷವೇನು ಬಂತು? ಬಂದದ್ದು ಕಾಯುವ ಜಾಗದಲ್ಲಿ. ಅರಸರು ಕಾದದ್ದು ಸಭೆಯ ಒಳಗೆ ಕೂತು, ಪ್ರಶ್ನೆ ಕೇಳುತ್ತ, ಗುಂಪು ಕಟ್ಟುತ್ತ. ಕಾದಷ್ಟೂ ಅವರ ಬಲ ಕೂಡುತ್ತಿತ್ತು, ಕೊನೆಗೆ 1972ರಲ್ಲಿ ಅದು ಮುಖ್ಯಮಂತ್ರಿ ಪದವಿಗೇ ಮುಟ್ಟಿಸಿತು. ಯಶೋಧರಮ್ಮನವರ ಬಲ ಕೂಡುತ್ತಿದ್ದದ್ದು ಶಿಬಿರ, ಕೇಂದ್ರ, ಸಂಘಗಳಲ್ಲಿ. ಹೆಣ್ಣು ಸಭೆಯ ಒಳಗೇ ಕೂತು ಕಾದರೆ ಏನಾಗುತ್ತದೆ ಎಂಬುದಕ್ಕೆ ಗುಂಡ್ಲುಪೇಟೆಯೇ ಸಾಕ್ಷಿ. ಕೆ.ಎಸ್. ನಾಗರತ್ನಮ್ಮನವರು 1957ರಲ್ಲಿ ಪಕ್ಷೇತರರಾಗಿ ಗೆದ್ದು, ಒಟ್ಟು ಏಳು ಸಲ ಆರಿಸಿ ಬಂದರು; 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಸಚಿವ ಪದವಿ ಸಿಕ್ಕಿದ್ದು ವೀರೇಂದ್ರ ಪಾಟೀಲರು 1989ರಲ್ಲಿ ಸರ್ಕಾರ ರಚಿಸಿದ ಮೇಲೆ. ಅರಸರಿಗೆ 21 ವರ್ಷ, ನಾಗರತ್ನಮ್ಮನವರಿಗೆ 32. ಎರಡೂ ಕಾಯುವಿಕೆಯೇ ಎಂದು ಒಂದೇ ತಕ್ಕಡಿಯಲ್ಲಿ ತೂಗಿದರೆ ತೂಕ ತಪ್ಪುತ್ತದೆ.

ಹೊರಗಿನ ನಿದರ್ಶನಗಳೂ ಈ ಕಡೆಗೇ ವಾಲುತ್ತವೆ, ಒಂದನ್ನು ಬಿಟ್ಟು. ವಿಜಯಲಕ್ಷ್ಮಿ ಪಂಡಿತರು 1937ರಲ್ಲಿ ಸಂಯುಕ್ತ ಪ್ರಾಂತದ ಸಚಿವೆಯಾದಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ; ಆದರೆ ನೆಹರೂ ಮನೆತನ ಎಲ್ಲ ಮನೆಗಳಂತಲ್ಲ. ಬ್ರಿಟನ್ನಿನ ಮೊದಲ ಸಂಪುಟ ಸಚಿವೆ ಮಾರ್ಗರೆಟ್ ಬಾಂಡ್‌ಫೀಲ್ಡ್ ಅಂಗಡಿಯಲ್ಲಿ ದುಡಿದು, ಕಾರ್ಮಿಕ ಸಂಘ ಕಟ್ಟಿ, 1929ರಲ್ಲಿ 56ನೆಯ ವಯಸ್ಸಿಗೆ ಆ ಪದವಿಗೆ ಬಂದರು. ಅಮೆರಿಕದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ, ಐವತ್ತು ದಾಟಿದ ಮೇಲೆ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲೇ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಮುಂದೆ ಅವರು ಕಟ್ಟಿದ್ದು ಸಂಸ್ಥೆಗಳನ್ನೇ, ಮಂತ್ರಿಗಿರಿಯ ಕಡೆಗೆ ಹೋಗಲಿಲ್ಲ.

ಇನ್ನು ರಾಜೀನಾಮೆ. ಪಾನನಿರೋಧವನ್ನು ಕೈಬಿಡುವ ಸರ್ಕಾರದ ನಿರ್ಧಾರವನ್ನು ಪ್ರತಿಭಟಿಸಿ ಯಶೋಧರಮ್ಮ, ಕಂಠಿಯವರ ನಂತರ ತಾವು ಸಚಿವೆಯಾಗಿದ್ದ ನಿಜಲಿಂಗಪ್ಪನವರ ಸಂಪುಟವನ್ನು ಬಿಟ್ಟರು. ಸರ್ಕಾರದ ಪಕ್ಷದಲ್ಲೂ ನ್ಯಾಯವಿತ್ತು. ಏಕೀಕರಣದ ನಂತರ ರಾಜ್ಯದ ಒಂದೊಂದು ಭಾಗದಲ್ಲಿ ಒಂದೊಂದು ಕಾನೂನು. ಮುಂಬಯಿ, ಮದರಾಸು ಪ್ರಾಂತಗಳಿಂದ ಬಂದ ಜಿಲ್ಲೆಗಳಲ್ಲಿ ಪಾನನಿರೋಧ, ಹೈದರಾಬಾದ್ ಸೀಮೆಯಲ್ಲಿ ಮುಕ್ತ ಮಾರಾಟ. ನಿರೋಧವಿದ್ದ ಕಡೆ ಕಳ್ಳಭಟ್ಟಿ ನಿಂತಿರಲಿಲ್ಲ, ಬೊಕ್ಕಸಕ್ಕೆ ಮಾತ್ರ ಖೋತಾ. ಏಕರೂಪದ ಅಬಕಾರಿ ಕಾಯ್ದೆ 1965ರಲ್ಲಿ ಆಗಿ, 1967ರಲ್ಲಿ ಜಾರಿಗೆ ಬಂತು. ಹಾಗಾದರೆ ಅವರದು ಕೈಲಾಗದ ಆದರ್ಶವಾದವೇ? ನೀತಿಯಾಗಿ ನಿರೋಧ ಸೋತಿತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಸಂಜೆಯಾದರೆ ಕೂಲಿ ಹಣ ಸಾರಾಯಿ ಅಂಗಡಿಯ ಪಾಲಾಗುವುದನ್ನು ಬೊಕ್ಕಸದ ಲೆಕ್ಕದಿಂದ ನೋಡುವುದು ಬೇರೆ, ಬರಿಗೈಯಲ್ಲಿ ಬಂದ ಗಂಡನಿಗೆ ಬಾಗಿಲಲ್ಲಿ ಎದುರಾಗುವ ಹೆಂಗಸಿನ ಕಡೆಯಿಂದ ನೋಡುವುದು ಬೇರೆ. ಆ ಹೆಂಗಸರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಎರಡನೆಯದೇ ಮೊದಲು ಕಾಣುತ್ತದೆ. ಕುರ್ಚಿಯಿಂದಲೇ ಸಾರ್ವಜನಿಕ ಬದುಕು ಆರಂಭವಾದವರಿಗೆ ಕುರ್ಚಿ ಬಿಟ್ಟರೆ ಹೋಗಲು ಜಾಗವಿರುವುದಿಲ್ಲ. ಯಶೋಧರಮ್ಮನವರಿಗೆ ಇತ್ತು.

ಯಶೋಧರಮ್ಮ 1980ರಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ ತಿಂಗಳಲ್ಲಿ.